ರಸೀದಿಯಲ್ಲಿದ್ದ ಸೈಟ್ ನಂಬರ್ ಖರ್ಚಿನಲ್ಲಿ ಇರಲಿಲ್ಲ: ಕೊಪ್ಪಳ ಜಿಲ್ಲೆಯ ಒಂದು ಲೇಔಟಿನ ಪ್ರಕರಣ

ನಮ್ಮ ಲೇಔಟಿನ ಪಾರ್ಕಿಗೆ ಗೇಟ್ ಇತ್ತು, ಬೇಲಿ ಇರಲಿಲ್ಲ. ಎರಡು ಕಲ್ಲುಕಂಬ, ನಡುವೆ ತುಕ್ಕು ಹಿಡಿದ ಕಬ್ಬಿಣದ ಗೇಟು, ಅದಕ್ಕೊಂದು ದೊಡ್ಡ ಬೀಗ. ಆಡುಗಳು ಗೇಟಿನ ಪಕ್ಕದಿಂದ ಆರಾಮಾಗಿ ಒಳಗೆ ಹೋಗಿ ಬರುತ್ತಿದ್ದವು. ಒಳಗೆ ಆಳೆತ್ತರ ಬೆಳೆದ ಬಳ್ಳಾರಿ ಜಾಲಿ. ಬೀಗದ ಕೀಲಿ ಯಾರ ಹತ್ತಿರ ಇದೆ ಅಂತ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ ಅನ್ನಿ.

ಇದು ಆ ಪಾರ್ಕಿನ ಕಥೆ. ನಾನು 2017ರಲ್ಲಿ ಕಟ್ಟಿದ 14,400 ರೂಪಾಯಿಯ ಕಥೆ ಅಂದರೂ ನಡೆಯುತ್ತದೆ. ಊರು ಕೊಪ್ಪಳ ಜಿಲ್ಲೆಯದು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನದು. ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ಕಚೇರಿಯ ಮಂದಿಯಲ್ಲಿ ಇಬ್ಬರು ಈಗಲೂ ಎದುರಾದರೆ ಚಹಾ ಕುಡಿಸದೆ ಬಿಡುವುದಿಲ್ಲ. ಲೇಔಟ್ ಮಾಡಿದವರ ಹೆಸರೂ ಬೇಡ. ನಾನು ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಕಾನೂನು ಓದಿದವನಲ್ಲ. ಕಿರ್ದಿ, ಖತಾವಣಿ ಎರಡು ಗೊತ್ತು. ಅಷ್ಟರಿಂದಲೇ ಈ ವಿಷಯ ನನಗೆ ತಿಳಿಯಿತು.

ಆರು ಎಕರೆ ಹಂಚಿಹೋದ ಬಗೆ

2014ರಲ್ಲಿ ಆರು ಎಕರೆ ಭತ್ತದ ಗದ್ದೆ ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿ ಲೇಔಟ್ ಆಯಿತು. ಮಂಜೂರಾದ ನಕ್ಷೆಯ ಪ್ರತಿ ನನ್ನ ಹತ್ತಿರ ಇದೆ. ಒಟ್ಟು 240 ಗುಂಟೆ. ಸೈಟುಗಳಿಗೆ 132, ರಸ್ತೆಗೆ 72, ಪಾರ್ಕಿಗೆ 24, ಸಿಎ ಸೈಟಿಗೆ 12. ಸಿಎ ಅಂದರೆ ಅಂಗನವಾಡಿ, ಆಸ್ಪತ್ರೆ, ನೀರಿನ ಟ್ಯಾಂಕಿನಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಸೈಟು 118, ಮೂಲೆಯ ಕೆಲವನ್ನು ಬಿಟ್ಟರೆ ಎಲ್ಲವೂ 30-40ರವು.

ಅಂದರೆ ಲೇಔಟ್ ಮಾಡಿದವರಿಗೆ ಮಾರಲಿಕ್ಕೆ ಸಿಕ್ಕಿದ್ದು ನೂರಕ್ಕೆ 55. ಉಳಿದ 108 ಗುಂಟೆಯನ್ನು ಅವರು ಬರೆದುಕೊಡಬೇಕು, ಪುಕ್ಕಟೆಯಾಗಿ. ಪುಕ್ಕಟೆ ಅನ್ನೋದು ಬರೀ ಬಾಯಿಮಾತು. ಆ 108 ಗುಂಟೆಯ ಬೆಲೆಯೂ ಸೇರಿಯೇ ನಮಗೆ ಸೈಟಿನ ರೇಟು ಹೇಳಿದ್ದರು. ಪಾರ್ಕಿನ ದುಡ್ಡನ್ನು ನಾವು ಸೈಟು ಕೊಂಡ ದಿನವೇ ಒಂದು ಸಲ ಕೊಟ್ಟಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಮುಂದೆ ಕಚೇರಿಯಲ್ಲಿ ಹಲವರು ನಮಗೆ ಹೇಳಿದ್ದು, "ಡೆವಲಪರ್ ಕೊಡಬೇಕಾದದ್ದು ಕೊಟ್ಟಾನ್ರಿ, ನಿಮ್ಮದೇನ್ರಿ ತಕರಾರು?" ಅಂತ.

ಲೇಔಟ್ ಮಾಡುವವರಿಂದ ಊರಿಗೆ ಬರಬೇಕಾದದ್ದು ಮೂರು ದಾರಿಯಲ್ಲಿ ಬರುತ್ತದೆ. ಒಂದು ಜಾಗ, ಈಗ ಹೇಳಿದ್ದು. ಎರಡನೆಯದು ಕೆಲಸ: ರಸ್ತೆ, ಚರಂಡಿ, ನೀರಿನ ಪೈಪು, ಒಳಚರಂಡಿ, ಜೆಸ್ಕಾಂನ ಕರೆಂಟು ಕಂಬ, ಟ್ರಾನ್ಸ್‌ಫಾರ್ಮರ್. ಇವನ್ನು ಅವರೇ ಸ್ವಂತ ಖರ್ಚಿನಲ್ಲಿ ಮಾಡಿ ಮುಗಿಸಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಮೂರನೆಯದು ರೊಕ್ಕ.

ಈ ರೊಕ್ಕದ ದಾರಿಯೇ ಗೋಜಲು. ಒಂದು ಪಾಲು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ಲೇಔಟಿಗೆ ಮಂಜೂರಾತಿ ಕೊಡುವುದು ಪ್ರಾಧಿಕಾರ. ಅದೇ ಕಾಯ್ದೆಯ 18ನೇ ಕಲಮಿನಲ್ಲಿ ಜಮೀನಿನ ಉಪಯೋಗ ಬದಲಾದದ್ದಕ್ಕೆ ಶುಲ್ಕ. 18-ಎ ಕಲಮಿನಲ್ಲಿ ಕುಡಿಯುವ ನೀರಿನ ಯೋಜನೆಗೆ, ರಿಂಗ್ ರೋಡಿಗೆ, ಕೊಳೆಗೇರಿ ಸುಧಾರಣೆಗೆ ಅಂತ ಸೆಸ್ಸು, ಸರ್ಚಾರ್ಜು. ಅದರ ಮೇಲೆ ಕೆರೆ ಅಭಿವೃದ್ಧಿಗೆ ಅಂತ ಇನ್ನೊಂದು ಶುಲ್ಕ. ನಮ್ಮೂರಿನ ರಿಂಗ್ ರೋಡ್ ಇವತ್ತಿಗೂ ಮಾಸ್ಟರ್ ಪ್ಲಾನಿನಲ್ಲಿ ಒಂದು ಕೆಂಪು ಗೆರೆ. ಅದಕ್ಕೆ ದುಡ್ಡು ಮಾತ್ರ ಪ್ರತಿ ಲೇಔಟಿನಿಂದಲೂ ಜಮಾ ಆಗುತ್ತಿದೆ.

ಇನ್ನೊಂದು ಪಾಲು ನಗರಸಭೆಗೆ. ಸೈಟು ಕೊಂಡವರು ಖಾತಾ ಮಾಡಿಸಲು ಹೋದಾಗ, ಇಲ್ಲವೇ ಮನೆ ಕಟ್ಟಲು ಪರವಾನಗಿ ಕೇಳಿದಾಗ, ಅಭಿವೃದ್ಧಿ ಶುಲ್ಕ ಅಂತ ಕಟ್ಟಿಸಿಕೊಳ್ಳುತ್ತಾರೆ. ಕೌಂಟರಿನಲ್ಲಿ ಎಲ್ಲರೂ ಅದಕ್ಕೆ ಬೆಟರ್‌ಮೆಂಟ್ ಅಂತಲೇ ಅನ್ನುವುದು. ನನ್ನದು ಚದರಡಿಗೆ 12 ರೂಪಾಯಿ, 1,200 ಚದರಡಿಗೆ 14,400. ಮನೆ ಕಟ್ಟುವಾಗ ನೂರಕ್ಕೆ ಒಂದರಂತೆ ಕಾರ್ಮಿಕರ ಸೆಸ್ ಕೂಡ ಕಟ್ಟಿದೆ. ಅದು ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಅದರ ಮಾತು ಇಲ್ಲಿ ಬೇಡ.

ರಸೀದಿ ಚಿಕ್ಕದು, ಹಳದಿ ಕಾಗದ. ಅದರಲ್ಲಿ ನನ್ನ ಹೆಸರು, ವಾರ್ಡು, ಸೈಟ್ ನಂಬರು ಮೂರೂ ಇದ್ದವು. ಸೈಟ್ ನಂಬರ್ ಬರೆದಿದ್ದಾರೆ ಅಂದರೆ ಈ ದುಡ್ಡು ಈ ಸೈಟಿನ ಸುತ್ತಮುತ್ತಲ ಕೆಲಸಕ್ಕೇ ಅಲ್ವಾ ಅಂದುಕೊಂಡೆ. ಲೆಕ್ಕ ಬರೆಯುವವನ ದಡ್ಡತನ ಅದು.

ಚರಂಡಿ ಬಾಯಿಬಿಟ್ಟಿತು

2019ರಲ್ಲಿ ಮನೆ ಕಟ್ಟಿ ಹೋದೆವು. ಆ ವರ್ಷ ಲೇಔಟಿನಲ್ಲಿ ನಮ್ಮದು ಹದಿನೆಂಟನೇ ಮನೆ.

ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಯ ಮೇಲೆ ಏನು ಕಟ್ಟಿದರೂ ಕೆಳಗೆ ಎರೆ ತೆಗೆದು ಗರಸು ತುಂಬಿ ಗಟ್ಟಿಸಬೇಕು ಅನ್ನೋದು ಇಲ್ಲಿಯ ಗೌಂಡಿಗಳಿಗೆಲ್ಲ ಗೊತ್ತು. ನಮ್ಮ ಚರಂಡಿಗೆ ಅದನ್ನು ಮಾಡಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಮನೆ ಮುಂದಿನ ಚರಂಡಿ ಗೋಡೆಯ ಬಿರುಕಿನಲ್ಲಿ ನನ್ನ ಬೈಕಿನ ಕೀಲಿ ಹೋಗುತ್ತಿತ್ತು. ಮರು ಬೇಸಿಗೆಗೆ ಅಂಗೈ. ಮೂರನೇ ವರ್ಷ ಗೋಡೆಯ ಎಂಟಡಿ ತುಂಡು ಒಳಗೇ ಮಲಗಿತು. ಬಚ್ಚಲ ನೀರು ರಸ್ತೆಗೆ ಬಂತು. ಒಳಚರಂಡಿ ಮ್ಯಾನ್‌ಹೋಲುಗಳು ಮೇಲಿಂದ ಚೆಂದಾಗಿದ್ದವು. ಪಕ್ಕದ ಮನೆಯ ಮೇಷ್ಟ್ರು ಒಂದರ ಮುಚ್ಚಳ ಎತ್ತಿಸಿ ನೋಡಿದರು. ಒಳಗೆ ಪೈಪಿನ ಬಾಯಿ ಇದೆ, ಆ ಕಡೆ ಪೈಪೇ ಇಲ್ಲ.

ಹಾಗಾದರೆ ಇದನ್ನು ಒಪ್ಪಿಸಿಕೊಂಡವರು ಯಾರು? ಇದಕ್ಕೆ ಒಂದು ಹಿಡಿತ ಇದ್ದೇ ಇದೆ. ಪ್ರಾಧಿಕಾರ ಮಂಜೂರಾತಿ ಕೊಟ್ಟ ತಕ್ಷಣ ಎಲ್ಲ ಸೈಟುಗಳನ್ನೂ ಮಾರಲು ಬಿಡುವುದಿಲ್ಲ. ಕೆಲಸ ಮುಗಿದ ಹಾಗೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಕೊನೆಯ ಕಂತಿನ ಸೈಟುಗಳೇ ಜಾಮೀನು ಇದ್ದ ಹಾಗೆ. ಪಾರ್ಕಿಗೆ ಬೇಲಿ ಹಾಕಲಿಲ್ಲವೋ, ಆ ಸೈಟುಗಳು ಕೈಗೆ ಬರುವುದಿಲ್ಲ. ಚೆಂದದ ವ್ಯವಸ್ಥೆ. ನಮ್ಮ ಲೇಔಟಿನಲ್ಲಿ ಕೊನೆಯ ಕಂತು 2016ರಲ್ಲೇ ಬಿಡುಗಡೆಯಾಗಿತ್ತು. ಕಡತದಲ್ಲಿ ಕಾಮಗಾರಿ ಪೂರ್ಣಗೊಂಡ ವರದಿ ಇತ್ತು. ಪಾರ್ಕಿನ ಫೋಟೋ ಕೂಡ ಇತ್ತು, ಗೇಟಿನದು. ಫೋಟೋ ತೆಗೆದವರು ಗೇಟಿನ ಮುಂದೆ ನೆಟ್ಟಗೆ ನಿಂತು ತೆಗೆದಿದ್ದಾರೆ. ಆಚೀಚೆ ಏನಿದೆ ಕಾಣುವುದಿಲ್ಲ.

ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ, ರೇರಾ, ನೆನಪಾಗಬಹುದು. 2016ರ ಕಾಯ್ದೆ, ಯೋಜನೆಗಳ ನೋಂದಣಿಯ ಕಲಂ 2017ರ ಮೇ 1ರಿಂದ ಜಾರಿಗೆ ಬಂತು. ಅಷ್ಟೊತ್ತಿಗೆ ನಮ್ಮ ಲೇಔಟ್ ಕಾಗದದ ಮೇಲೆ ಮುಗಿದುಹೋಗಿತ್ತು. ಆ ಬಾಗಿಲು ತಟ್ಟಿದರೂ ಉಪಯೋಗ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ಪ್ರಕರಣದಲ್ಲಿ ದೊಡ್ಡ ನಷ್ಟ ಆದದ್ದು ಇಲ್ಲೇ. ಮುಂದೆ ಬರುವ ರೊಕ್ಕದ ಲೆಕ್ಕ ಇದರ ಮುಂದೆ ಸಣ್ಣದು. ಆದರೆ ಜನ ಯಾವಾಗಲೂ ರೊಕ್ಕದ ಹಿಂದೆ ಓಡುತ್ತಾರೆ, ನಾನೂ ಓಡಿದೆ.

ಹೆಡ್ ಬೇರೆ, ಹೊಟ್ಟೆ ಒಂದೇ

2022ರ ಜುಲೈನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಅಂಟಿಸಿ ನಗರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕೇಳಿದ್ದು ಇಷ್ಟೇ: ಈ ಲೇಔಟಿನ ಸೈಟುಗಳಿಂದ ಇಲ್ಲಿಯವರೆಗೆ ಅಭಿವೃದ್ಧಿ ಶುಲ್ಕ ಎಷ್ಟು ವಸೂಲಾಗಿದೆ, ಅದನ್ನು ಯಾವ ಕಾಮಗಾರಿಗೆ ಖರ್ಚು ಮಾಡಿದ್ದೀರಿ.

ಇಪ್ಪತ್ತೆಂಟನೇ ದಿನ ಉತ್ತರ ಬಂತು. "ಸದರಿ ಮಾಹಿತಿಯನ್ನು ಲೇಔಟ್‌ವಾರು ನಿರ್ವಹಿಸಿರುವುದಿಲ್ಲ." ಒಂದೇ ಸಾಲು, ಕೆಳಗೆ ಸೀಲು.

ಮೇಷ್ಟ್ರು ಮೇಲ್ಮನವಿ ಹಾಕೋಣ ಅಂದರು. ನನಗೆ ಬೇರೆ ದಾರಿ ಕಂಡಿತು. ಕಡತ ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ರಸೀದಿ ಪುಸ್ತಕಗಳನ್ನು ತೋರಿಸಿ, ನಾನೇ ಲೆಕ್ಕ ಹಾಕಿಕೊಳ್ಳುತ್ತೇನೆ ಅಂತ ಎರಡನೇ ಅರ್ಜಿ ಕೊಟ್ಟೆ. ಲೆಕ್ಕ ಶಾಖೆಯಲ್ಲಿ ನಮ್ಮ ಅಕ್ಕನ ವಯಸ್ಸಿನ ಒಬ್ಬ ಮೇಡಂ ಇದ್ದರು. ಅವರು ಬೇಡ ಅನ್ನಲಿಲ್ಲ. ಮೂಲೆಯಲ್ಲಿ ಒಂದು ಕುರ್ಚಿ, ಫ್ಯಾನ್ ಇಲ್ಲದ ಕಡೆ, ಎರಡು ಮಧ್ಯಾಹ್ನ.

ಐದು ವರ್ಷದ ರಸೀದಿ ಪುಸ್ತಕಗಳಲ್ಲಿ ನಮ್ಮ ಲೇಔಟಿನ 83 ರಸೀದಿ ಸಿಕ್ಕವು. ಸರಾಸರಿ ಬೇಡ, ಎಲ್ಲವೂ 14,400ರವೇ. ಮೂಲೆಯ ಸೈಟುಗಳವರು ಆಗಿನ್ನೂ ಕಟ್ಟಿರಲಿಲ್ಲ. 83 ಸಲ 14,400 ಅಂದರೆ 11,95,200 ರೂಪಾಯಿ. ಒಂದು ಪಾರ್ಕಿಗೆ ಬೇಲಿ, ಒಂದು ಬೋರು, ನಾಲ್ಕು ಬೆಂಚಿಗೆ ಇದು ಸಾಕು.

ಆಮೇಲೆ ನಗದು ಪುಸ್ತಕ. ಆ ದಿನದ ಅಂಗಡಿ ಬಾಡಿಗೆ, ನೀರಿನ ಕರ, ಲೈಸೆನ್ಸ್ ಫೀ, ಜಾಹೀರಾತು ತೆರಿಗೆ, ಬೆಟರ್‌ಮೆಂಟ್ ಎಲ್ಲ ಒಟ್ಟುಗೂಡಿ ಸಂಜೆ ಒಂದೇ ಚಲನ್ನಿನಲ್ಲಿ ಒಂದೇ ಬ್ಯಾಂಕ್ ಖಾತೆಗೆ ಜಮಾ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದ ಮೇಲೆ ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಜಮಾ-ಖರ್ಚಿನ ಹಳೇ ಪದ್ಧತಿ ಹೋಗಿ ಜೋಡಿ ನಮೂದಿನ ಲೆಕ್ಕ ಬಂದಿದೆ. ಅದರಲ್ಲಿ ಅಭಿವೃದ್ಧಿ ಶುಲ್ಕಕ್ಕೆ ಬೇರೆ ಹೆಡ್, ಅಂದರೆ ಲೆಕ್ಕದ ಶೀರ್ಷಿಕೆ, ಇದೆ, ನಾನು ನೋಡಿದೆ, ಸರಿಯಾಗಿಯೇ ಬರೆದಿದ್ದಾರೆ. ಆದರೆ ಹೆಡ್ ಬೇರೆ ಬೇರೆ, ಹೊಟ್ಟೆ ಒಂದೇ. ಜಮಾ ಆದ ದಿನವೇ ಅದು ಸಾಮಾನ್ಯ ನಿಧಿ.

ನಮ್ಮ ಮಿಲ್ಲಿಗೆ ಒಬ್ಬ ರೈತ ಒಂದು ಟ್ರ್ಯಾಕ್ಟರ್ ಭತ್ತ ತಂದರೆ ವೇಬ್ರಿಡ್ಜ್ ಚೀಟಿಯಲ್ಲಿ ಅವನ ಹೆಸರು, ತೂಕ, ತೇವ ಬರೆಯುತ್ತೇವೆ. ಭತ್ತ ರಾಶಿಗೆ ಬಿದ್ದ ಮೇಲೆ ಯಾವ ಕಾಳು ಯಾರದು ಅಂತ ಗೊತ್ತಾಗುವುದಿಲ್ಲ, ನಿಜ. ಆದರೆ ಅವನಿಗೆ ಕೊಡಬೇಕಾದ ಬಾಕಿ ಅವನ ಪುಟದಲ್ಲಿ ಉಳಿದಿರುತ್ತದೆ. ಕಾಳು ಬೆರೆತರೂ ಬಾಕಿ ಬೆರೆಯುವುದಿಲ್ಲ. ನಗರಸಭೆಯಲ್ಲಿ ಚೀಟಿ ಇದೆ, ರಾಶಿ ಇದೆ, ಆ ಪುಟ ಇಲ್ಲ.

ಖರ್ಚಿನ ವೋಚರ್‌ಗಳನ್ನೂ ತಿರುವಿ ಹಾಕಿದೆ. ಯಾರೋ ನುಂಗಿದ್ದಾರೆ ಅಂತ ನಂಬಿಕೊಂಡೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಹಾಗೆ ಹೇಳಲಿಕ್ಕೆ ಏನೂ ಸಿಗಲಿಲ್ಲ. ಹೊರಗುತ್ತಿಗೆ ನೌಕರರ ಸಂಬಳ, ಸುಟ್ಟ ಮೋಟರ್ ರಿವೈಂಡಿಂಗ್, ಬೇಸಿಗೆಯ ಟ್ಯಾಂಕರ್ ಬಾಡಿಗೆ, ಜೆಸಿಬಿ, ಬ್ಲೀಚಿಂಗ್ ಪೌಡರ್, ಹಳೇ ಊರಿನ ಚರಂಡಿ. ಒಂದೇ ಓಣಿಯ ಒಂದೇ ಚರಂಡಿಗೆ ಎರಡು ಬಿಲ್ಲು ಕಂಡವು, ಒಂದು 4,98,000, ಇನ್ನೊಂದು 4,97,500. ಐದು ಲಕ್ಷದೊಳಗಿನ ಕಾಮಗಾರಿಗೆ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕಿಲ್ಲ. ಅದಕ್ಕೇ ಹತ್ತು ಲಕ್ಷದ ಕೆಲಸ ಎರಡು ತುಂಡಾಗುತ್ತದೆ. ಇದರ ಬಗ್ಗೆ ಲೆಕ್ಕಪರಿಶೋಧನೆಯವರು ಆಕ್ಷೇಪಣೆ ಬರೆದಿದ್ದರು, ಅದಕ್ಕೆ "ತುರ್ತು ಅಗತ್ಯ" ಅಂತ ಉತ್ತರವೂ ಹೋಗಿತ್ತು. ಚರಂಡಿ ಮಾತ್ರ ಆಗಿದೆ. ನಾನು ಹೋಗಿ ನೋಡಿ ಬಂದೆ. ನಮ್ಮದಕ್ಕಿಂತ ಗಟ್ಟಿ ಇದೆ.

ಎರಡನೇ ಮಧ್ಯಾಹ್ನ ಮೇಡಂ ತಾವೇ ಮಾತಿಗೆ ಬಂದರು.

"ಅಣ್ಣಾರ, ನೀವು ಹೇಳೋದು ಖರೇ ಐತ್ರಿ. ಆದ್ರ ಬ್ಯಾಂಕಿನ್ಯಾಗ ರೊಕ್ಕ ಬಂತಂದ್ರ ಮೊದ್ಲು ಹೊರಗುತ್ತಿಗಿ ಮಂದಿ ಪಗಾರ, ಆಮ್ಯಾಲ ಮೋಟರ್ ರಿಪೇರಿ. ಪಾರ್ಕ್ ಕೇಳಾಕ ಯಾರು ಬರ್ತಾರ್ರಿ? ನೀರು ಬರ್ಲಿಲ್ಲಂದ್ರ ಕೊಡ ಹಿಡ್ಕೊಂಡು ಇಲ್ಲೇ ಕುಂಡ್ರತಾರ."

"ಮ್ಯಾಡಮ್, ಸೈಟ್ ನಂಬರ್ ಯಾಕ ಬರಿತೀರಿ ಹಂಗಾದ್ರ?"

"ಖಾತಾ ಮಾಡಾಕ್ರಿ. ಖರ್ಚ ಮಾಡಾಕಲ್ಲ."

ಈ ಒಂದು ಮಾತಿನಲ್ಲಿ ಇಡೀ ಪ್ರಕರಣ ಇದೆ. ವಸೂಲಿ ಸೈಟಿನ ಲೆಕ್ಕದಲ್ಲಿ. ಖರ್ಚು ಮಾತ್ರ ಯಾರು ಬಂದು ಕೂತರು ಅನ್ನೋ ಲೆಕ್ಕದಲ್ಲಿ.

ಮೇಡಂ ಹೇಳಿದ್ದರಲ್ಲಿ ಇನ್ನೊಂದು ಸತ್ಯವೂ ಇದೆ. ನಗರಸಭೆಗೆ ಹೊರಗಿನಿಂದ ಬರುವ ದುಡ್ಡಿಗೆ ಮೂಗುದಾರ ಇರುತ್ತದೆ. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಕೇಂದ್ರದ ಅಮೃತ್ ಯೋಜನೆಯ ದುಡ್ಡು ಅಮೃತ್ ಕಾಮಗಾರಿಗೆ, ರಾಜ್ಯದ ನಗರೋತ್ಥಾನದ್ದು ಅದರ ಪಟ್ಟಿಯಲ್ಲಿರುವ ಕಾಮಗಾರಿಗೆ. ಯಾವುದಕ್ಕೆ ಬೇಕಾದರೂ ಬಳಸಬಹುದಾದ ದುಡ್ಡು ಅಂತ ಉಳಿಯುವುದು ಸ್ವಂತ ಆದಾಯ ಒಂದೇ, ಅಂದರೆ ಆಸ್ತಿ ತೆರಿಗೆ, ಬಾಡಿಗೆ, ಬೆಟರ್‌ಮೆಂಟ್. ಹಾಗಾಗಿ ನಿಜವಾಗಿ ಮೂಗುದಾರ ಬೇಕಾಗಿದ್ದ ಬೆಟರ್‌ಮೆಂಟೇ ಬಿಡಾಡಿ ದನ ಆಗುತ್ತದೆ.

ಇಂಗ್ಲೆಂಡಿನಲ್ಲಿ ಇದನ್ನು ಬೇರೆ ಥರ ಮಾಡುತ್ತಾರೆ. ಅಲ್ಲಿ 1990ರ ಯೋಜನಾ ಕಾಯ್ದೆಯ 106ನೇ ಕಲಮಿನಡಿ ಬಿಲ್ಡರ್ ಜೊತೆ ಕೌನ್ಸಿಲ್ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳುತ್ತದೆ, ಈ ದುಡ್ಡು ಈ ಶಾಲೆಗೆ, ಈ ಆಟದ ಮೈದಾನಕ್ಕೆ ಅಂತ. 2010ರಿಂದ ಚದರ ಮೀಟರಿಗೆ ಇಷ್ಟು ಅನ್ನುವ ಇನ್ನೊಂದು ಲೆವಿ ಕೂಡ ಇದೆ. ಅದರಲ್ಲಿ ನೂರಕ್ಕೆ 15 ಕಟ್ಟಡ ಎದ್ದ ಜಾಗದ ಸ್ಥಳೀಯ ಪ್ಯಾರಿಷ್ ಕೌನ್ಸಿಲಿಗೇ ಹೋಗಬೇಕು, ಅಲ್ಲಿಯ ಜನ ತಮ್ಮದೇ ನೆರೆಹೊರೆ ಯೋಜನೆ ಮಾಡಿಕೊಂಡಿದ್ದರೆ 25. ಪ್ರತಿ ಡಿಸೆಂಬರ್ 31ರೊಳಗೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಕೌನ್ಸಿಲ್ ಪ್ರಕಟಿಸಬೇಕು. ಅಲ್ಲೂ ದುಡ್ಡು ಖರ್ಚಾಗದೆ ಕೊಳೆಯುವ ದೂರು ಇದ್ದೇ ಇದೆ. ಆದರೆ ಕೊಳೆಯುತ್ತಿರುವುದು ಎಷ್ಟು ಅಂತ ಅವರಿಗೆ ಗೊತ್ತಾಗುತ್ತದೆ. ನನಗೆ ಅಸೂಯೆ ಆದದ್ದು ಅಷ್ಟಕ್ಕೇ.

ಗುಡಿಯ ಮಾತು ಬಂತು

ನಡುವೆ ಒಂದು ಅಡ್ಡಮಾತು ಬಂತು. ಖಾಲಿ ಬಿದ್ದ ಪಾರ್ಕಿನಲ್ಲಿ ಒಂದು ಗುಡಿ, ಪಕ್ಕಕ್ಕೆ ಸಮುದಾಯ ಭವನ ಕಟ್ಟೋಣ ಅಂತ ನಮ್ಮವರೇ ಕೆಲವರು ಶುರುಮಾಡಿದರು. ಶಾಸಕರ ನಿಧಿಯಿಂದ ಹಣ ತರುವ ಮಾತೂ ಆಯಿತು. ಹೆಂಗಸರಿಗೆ ಗುಡಿ ಬೇಕಿತ್ತು. ನಮ್ಮ ಮನೆಯಲ್ಲೂ ಬೇಕಿತ್ತು. ಬೇಡ ಅಂದವನು ನಾಸ್ತಿಕ ಆದ, ಅಂದರೆ ನಾನು.

ಮೇಷ್ಟ್ರು ಬಚಾವ್ ಮಾಡಿದರು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ನಮ್ಮ ರಾಜ್ಯದ್ದೇ ಇದೆ. ಅದಕ್ಕಿಂತ ಜನರ ತಲೆಗೆ ಹೋದದ್ದು 1991ರ ಸುಪ್ರೀಂ ಕೋರ್ಟ್ ತೀರ್ಪಿನ ಕಥೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅನ್ನುವ ಆ ಪ್ರಕರಣದಲ್ಲಿ ಕೋರ್ಟು ಪಾರ್ಕು ಪಾರ್ಕಾಗಿಯೇ ಇರಬೇಕು ಅಂದಿತು. ಮೇಷ್ಟ್ರು ಇದನ್ನು ಕಟ್ಟೆ ಮೇಲೆ ಕೂತು ಪಾಠದ ಹಾಗೆ ಹೇಳಿದರು. "ದವಾಖಾನಿಗೇ ಕೊಡ್ಲಿಲ್ಲಂದ್ರ ಗುಡಿಗೆ ಕೊಡ್ತಾರೇನ್ರಿ" ಅಂದ ಒಬ್ಬ ಅಜ್ಜ. ಮಾತು ಅಲ್ಲಿಗೆ ನಿಂತಿತು. ಗುಡಿ ಈಗ ಬೇರೆ ಕಡೆ, ಒಬ್ಬರು ದಾನ ಕೊಟ್ಟ ಅರ್ಧ ಸೈಟಿನಲ್ಲಿ ಎದ್ದಿದೆ.

ಬಜೆಟ್ ಸಭೆ, ಡ್ಯಾಮಿನ ಗೇಟು

2023ರ ಜನವರಿಯಲ್ಲಿ ನಗರಸಭೆಯವರು ಬಜೆಟ್ ಪೂರ್ವಭಾವಿ ಸಭೆ ಕರೆದರು. ಪ್ರತಿ ವರ್ಷ ಕರೆಯುತ್ತಾರೆ, ಪೇಪರಿನ ಮೂಲೆಯಲ್ಲಿ ಪ್ರಕಟಣೆ ಇರುತ್ತದೆ, ಹತ್ತು-ಹದಿನೈದು ಜನ ಬರುತ್ತಾರೆ, ಉಪ್ಪಿಟ್ಟು ಚೆನ್ನಾಗಿರುತ್ತದೆ. ಆ ಸಲ ನಮ್ಮ ಲೇಔಟಿನವರೇ ಹನ್ನೊಂದು ಮಂದಿ ಹೋದೆವು. ಮೇಡಂ ಹೇಳಿದ್ದೇ ನಮಗೆ ಬುದ್ಧಿ ಕಲಿಸಿತ್ತು. ಬಂದು ಕೂತವರಿಗೇ ಖರ್ಚು.

ಪಾರ್ಕ್ ಮಾಡಿಕೊಡಿ ಅಂತ ನಾವು ಕೇಳಲಿಲ್ಲ. ಎರಡೇ ಮಾತು ಕೇಳಿದೆವು. ಅಭಿವೃದ್ಧಿ ಶುಲ್ಕದ ವಹಿಯಲ್ಲಿ ಲೇಔಟ್ ಹೆಸರಿನ ಒಂದು ಕಾಲಂ ಹಾಕಿ. ವರ್ಷಕ್ಕೊಮ್ಮೆ ಯಾವ ಲೇಔಟಿನಿಂದ ಎಷ್ಟು ಬಂತು, ಅಲ್ಲಿಗೆ ಎಷ್ಟು ಹೋಯಿತು ಅಂತ ನೋಟಿಸ್ ಬೋರ್ಡಿಗೆ ಅಂಟಿಸಿ. ನಾನು 83 ರಸೀದಿಯ ಪಟ್ಟಿಯನ್ನು ಪೌರಾಯುಕ್ತರ ಮುಂದಿಟ್ಟೆ. ಅವರು ಪಟ್ಟಿ ನೋಡಿ, ಒಟ್ಟು ಮೊತ್ತ ನೋಡಿ, ಲೆಕ್ಕ ಶಾಖೆಯ ಕಡೆ ನೋಡಿದರು. ಒಬ್ಬ ಸದಸ್ಯರು ಎದ್ದು ನಿಂತರು. "ಹೊಸ ಲೇಔಟಿನ ರೊಕ್ಕ ಹೊಸ ಲೇಔಟಿಗೇ ಅಂದ್ರ ನಮ್ಮ ಹಳೇ ಓಣಿ ಮಂದಿ ಎಲ್ಲಿಗೆ ಹೋಗ್ಬೇಕ್ರಿ? ಅಲ್ಲಿ ಬೆಟರ್‌ಮೆಂಟ್ ಕಟ್ಟೋರು ಯಾರದಾರ?"

ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಹಳೇ ಓಣಿಯವರಿಗೆ ತೆರಿಗೆಯ ಪಾಲು, ಅನುದಾನದ ಪಾಲು ಸಿಗಬೇಕು, ನಿಜ. ಆದರೆ ರಸೀದಿಯಲ್ಲಿ ಅಭಿವೃದ್ಧಿ ಅಂತ ಬರೆದು ಪಡೆದದ್ದನ್ನು ಟ್ಯಾಂಕರ್ ಬಾಡಿಗೆಗೆ ಕೊಟ್ಟರೆ ಹಳೇ ಓಣಿಗೂ ಅಭಿವೃದ್ಧಿ ಆಗಲಿಲ್ಲ, ಹೊಸದಕ್ಕೂ ಆಗಲಿಲ್ಲ. ಅಷ್ಟು ಹೇಳಿ ಕೂತೆ.

ಬಜೆಟ್ಟಿನಲ್ಲಿ ನಮ್ಮ ಪಾರ್ಕಿನ ಬೇಲಿಗೆ 4,80,000 ಇಟ್ಟರು. ಹೌದು, ಐದು ಲಕ್ಷದೊಳಗೆ. ನಾವು ತಕರಾರು ಮಾಡಲಿಲ್ಲ. ತುಂಡು ಗುತ್ತಿಗೆಯ ಬಗ್ಗೆ ಅಷ್ಟೆಲ್ಲ ಬರೆದುಕೊಂಡಿದ್ದ ನಾನು ಆ ದಿನ ಸುಮ್ನೆ ಉಪ್ಪಿಟ್ಟು ತಿಂದು ಬಂದೆ.

ಆಮೇಲೆ ವಿಧಾನಸಭೆ ಚುನಾವಣೆ, ನೀತಿ ಸಂಹಿತೆ. ಅದು ಮುಗಿಯುವುದರೊಳಗೆ ರಾಜ್ಯದ ಬಹಳಷ್ಟು ನಗರಸಭೆ, ಪುರಸಭೆಗಳ ಹಾಗೆ ನಮ್ಮಲ್ಲೂ ಅಧ್ಯಕ್ಷ-ಉಪಾಧ್ಯಕ್ಷರ ಮೊದಲ ಅವಧಿ ಮುಗಿದು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬರದೆ, ಆಡಳಿತಾಧಿಕಾರಿ ಬಂದರು. ಅವರಿಗೆ ಸಹಿ ಹಾಕಲು ಬೇರೆ ನೂರು ಕಡತ. ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಅದೇ ತಿಂಗಳು 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಊರಿಗೆ ಊರೇ ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿತ್ತು, ನಮ್ಮ ಮಿಲ್ಲೂ. ಅಂಥಾದ್ದರಲ್ಲಿ ಪಾರ್ಕಿನ ಗೇಟಿನ ಮಾತು ಎತ್ತುವುದಕ್ಕೆ ನನಗೇ ನಾಚಿಕೆ ಆಯಿತು.

ಕೆಲಸ ಆದದ್ದು ಆ ವರ್ಷದ ಡಿಸೆಂಬರಿನಲ್ಲಿ. 24 ಗುಂಟೆಯ ಸುತ್ತ 660 ಅಡಿ ಬೇಲಿ, ಕಲ್ಲುಕಂಬ, ಚೈನ್‌ಲಿಂಕ್ ಜಾಳಿಗೆ. ಕಂಬದ ಗುಂಡಿ ತೋಡುವಾಗ ಮೇಷ್ಟ್ರು, ನಾನು ಪಾಳಿ ಮೇಲೆ ನಿಂತೆವು. ಮೊದಲ ದಿನ ಗುಂಡಿ ಒಂದೂವರೆ ಅಡಿ, ಬರೀ ಎರೆ. ಮೇಸ್ತ್ರಿಗೆ ಹೇಳಿದೆವು. ಅವನು ಎಸ್ಟಿಮೇಟಿನಲ್ಲಿ ಗರಸು ಇಲ್ಲ ಅಂದ. ನಗರಸಭೆಯ ಜೂನಿಯರ್ ಎಂಜಿನಿಯರ್ ಬಂದು ನೋಡಿ ಇದೆ ಅಂದರು. ಎರಡನೇ ದಿನದಿಂದ ಎರಡೂವರೆ ಅಡಿ ಆಯಿತು, ಗರಸೂ ಬಂತು. ಮೊದಲ ದಿನದ ಒಂಬತ್ತು ಕಂಬಗಳಲ್ಲಿ ಮೂರು ಈ ಬೇಸಿಗೆಯಲ್ಲೇ ವಾಲಿವೆ. ಉಳಿದವು ನೆಟ್ಟಗಿವೆ. ಹಳೇ ಬೀಗ ಒಡೆದು ಹೊಸದು ಹಾಕಿದರು. ಅದರ ಕೀಲಿ ನಮ್ಮ ಮನೆಯ ಮೊಳೆಗೆ ತೂಗುಹಾಕಿದೆ. ಜಾಲಿ ಕಡಿಸಿದ್ದೇವೆ, ಬೇರು ಕೀಳಿಸಿಲ್ಲ, ಮಳೆ ಬಿದ್ದ ಮೇಲೆ ಮತ್ತೆ ಚಿಗುರಿದೆ.

11,95,200ರಲ್ಲಿ 4,80,000 ಕಳೆದರೆ 7,15,200. ನನ್ನ ಪುಸ್ತಕದಲ್ಲಿ ಇದು ನಗರಸಭೆಯಿಂದ ಬರಬೇಕಾದ ಬಾಕಿ. ಅವರ ಪುಸ್ತಕದಲ್ಲಿ ಅಂಥ ಬಾಕಿಯೇ ಇಲ್ಲ. ಚರಂಡಿಯದು, ಪೈಪಿಲ್ಲದ ಮ್ಯಾನ್‌ಹೋಲಿನದು ಈ ಲೆಕ್ಕಕ್ಕೆ ಸೇರಿಲ್ಲ. ಅದು ಲೇಔಟ್ ಮಾಡಿದವರಿಂದ ಬರಬೇಕಾಗಿತ್ತು, ಕೊನೆಯ ಕಂತಿನ ಸೈಟು ಬಿಡುಗಡೆಯಾದ ದಿನವೇ ಆ ದಾರಿ ಮುಚ್ಚಿತು. ಅದನ್ನು ಈಗ ನಗರಸಭೆಯೇ ಮಾಡಬೇಕು, ಯಾವ ದುಡ್ಡಿನಲ್ಲಿ ಅಂತ ಕೇಳಿದರೆ ಮತ್ತೆ ಅದೇ ಹೊಟ್ಟೆಗೆ ಕೈಹಾಕಬೇಕು.

ಅಷ್ಟರಲ್ಲಿ 2025ರ ಬಿ-ಖಾತಾ ಅಭಿಯಾನ ಬಂತು. ಮಂಜೂರಾತಿಯೇ ಇಲ್ಲದ ರೆವಿನ್ಯೂ ಸೈಟಿನವರು ಸಾಲುಗಟ್ಟಿ ನಿಂತರು. ಅವರ ಬಡಾವಣೆಗಳಲ್ಲಿ ಪಾರ್ಕಿಗೆ ಜಾಗ ಬಿಟ್ಟಿಲ್ಲ, ಸಿಎ ಸೈಟಿಲ್ಲ, ರಸ್ತೆ ಇಪ್ಪತ್ತಡಿಯೂ ಇಲ್ಲ. ಅವರಿಗೆ ಹೋಲಿಸಿದರೆ ನಾವು ಪುಣ್ಯವಂತರು. ನಮಗೆ ಕನಿಷ್ಠ ಜಾಲಿ ಬೆಳೆಯಲಿಕ್ಕಾದರೂ 24 ಗುಂಟೆ ಇತ್ತು.

ಲೇಔಟ್ ಕಾಲಂ ಏನಾಯಿತು ಅಂತ ಕೇಳಬಹುದು. ನೋಟಿಸ್ ಬೋರ್ಡಿಗೆ ಇಲ್ಲಿಯವರೆಗೆ ಏನೂ ಅಂಟಿಸಿಲ್ಲ. ಆದರೆ ಮೇಡಂ ಯಾರ ಆದೇಶಕ್ಕೂ ಕಾಯದೆ, ವಹಿಯ ಬಲಗಡೆಯ ಅಂಚಿನಲ್ಲಿ ಸ್ಕೇಲ್ ಇಟ್ಟು ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದಿದ್ದರು. ಮೇಲೆ ಸಣ್ಣ ಅಕ್ಷರದಲ್ಲಿ ಲೇಔಟ್ ಅಂತ. ಮಾರ್ಚಿನಲ್ಲಿ ನಮ್ಮ ಎದುರು ಮನೆಯವರು ಖಾತಾ ಮಾಡಿಸಿದಾಗ ರಸೀದಿಯಲ್ಲೂ ಲೇಔಟಿನ ಹೆಸರು ಬಂದಿತ್ತು. ನಾನು ಫೋಟೋ ತೆಗೆದಿಟ್ಟುಕೊಂಡೆ. ಜೂನಿನಲ್ಲಿ ಮೇಡಂಗೆ ವರ್ಗ ಆಯಿತು. ಹೋದ ವಾರ ಮೂಲೆ ಸೈಟಿನವರು ಕಟ್ಟಿ ಬಂದ ರಸೀದಿ ತೋರಿಸಿದರು. ಹೆಸರಿದೆ, ವಾರ್ಡಿದೆ, ಸೈಟ್ ನಂಬರಿದೆ. ಲೇಔಟ್ ಖಾಲಿ. ಸೋಮವಾರ ಹೋಗಿ ಕೇಳಬೇಕು.